ಒಂದೇ ಮುಖದ ಫೋಟೋ

“ಪಾಸ್‌ಪೋರ್ಟಿಗೆ ಮಗೂದೊಂದು ಫೋಟೋ ತಗೊಂಡು ಬಾರಯ್ಯಾ ಅಂದ್ರೆ ಮನೆಮಂದೀನೆಲ್ಲಾ ಕಟ್ಕೊಂಡು ಬಂದಿದ್ದೀಯಲ್ಲ! ಒಂದು ಮುಖ ಅಂದ್ರೆ ಎಷ್ಟು ಅಂತ ಎಣಿಸೋಕೂ ಬರಲ್ವಾ? ಎಷ್ಟನೇ ಕ್ಲಾಸಿಗೆ ಬಿಟ್ಟೆ ಸ್ಕೂಲು?”

ಚಂದ್ರಮೌಳಿ ಸಾಹೇಬರು ಇದನ್ನು ನನ್ನ ಕಿವಿಗಷ್ಟೇ ಹೇಳಿದ್ದರೆ ನುಂಗಿಕೊಳ್ಳುತ್ತಿದ್ದೆ. ಅವರು ಕುರ್ಚಿಯಿಂದ ಎದ್ದರು. ರಾಯಭಾರ ಕಚೇರಿಯ ಕಿಟಕಿಯ ಸರಳಿನಾಚೆ ಕೈ ಚಾಚಿ, ನನ್ನ ಮಗಳ ಫೋಟೋವನ್ನು ಹರಾಜಿನ ಸೀರೆಯಂತೆ ಎತ್ತಿ ಹಿಡಿದು, ಬೆಂಚುಗಳ ಮೇಲೆ ಕೂತಿದ್ದ ನಮ್ಮ ದೇಶದ ಅಷ್ಟೂ ಜನಕ್ಕೆ ತೋರಿಸಿದರು. ಸಾಹೇಬರು, ಅವರು, ಎದ್ದರು ಎಂದು ಬರೆಯುವಾಗಲೇ ನನ್ನ ಕೈ ಉರಿಯುತ್ತದೆ. ಇನ್ನು ಮೇಲೆ ಆತ ಎಂದೇ ಬರೆಯುತ್ತೇನೆ.

ಬೆಂಚುಗಳು ನಕ್ಕವು. ಪರದೇಶದಲ್ಲಿ ನಮ್ಮವರು ನಮ್ಮವರನ್ನು ನೋಡಿ ನಗುವುದಕ್ಕೆ ಒಂದು ಹುರುಪು ಇರುತ್ತದೆ. ಇವತ್ತು ಪಾಳಿ ನನ್ನದಲ್ಲವಲ್ಲ ಎಂಬ ನಿರಾಳ ಅದರಲ್ಲಿ ಸೇರಿರುತ್ತದೆ. ಫೋಟೋದಲ್ಲಿ ನಡುವೆ ನನ್ನ ಮಗಳು ನೀಲಾ ಇದ್ದಳು, ಗದ್ದಕ್ಕೆ ಜೊಲ್ಲು ಸುರಿಸಿಕೊಂಡು. ಬಲಕ್ಕೆ ನನ್ನ ಹೆಂಡತಿ ರೆಮಿಯಾ. ಎಡಕ್ಕೆ ನಾನು. ಹಿಂದೆ, ಮಣಿಕಟ್ಟಿನವರೆಗೂ ಜೋಳದ ಹಿಟ್ಟು ಮೆತ್ತಿಕೊಂಡ ಕೈಯನ್ನು ಮಗುವಿನ ನೆತ್ತಿಯ ಮೇಲಿಟ್ಟುಕೊಂಡು ಒಬ್ಬ ಮುದುಕಿ.

“ಈ ಯಮ್ಮ ಯಾರು?” ಎಂದ ಚಂದ್ರಮೌಳಿ.

“ಗೊತ್ತಿಲ್ಲ ಸರ್.”

“ಗೊತ್ತಿಲ್ದೋರು ಬಂದು ನಿನ್ನ ಮಗಳ ತಲೆ ಮೇಲೆ ಕೈ ಇಡ್ತಾರಾ?”

ಬೆಂಚುಗಳು ಮತ್ತೊಮ್ಮೆ ನಕ್ಕವು. ಆಕೆ ನನ್ನ ಹೆತ್ತ ಅವ್ವ. ಆದರೆ ನಾನು ಯಾಕೆ ಹೇಳಲಿ? ತನಗೆ ಮಗನೇ ಇಲ್ಲ ಎಂದು ಸಾರಿದವಳು ಆಕೆ.

ಆತನಿಗೆ ಇಷ್ಟು ಸಾಲಲಿಲ್ಲ. ಕೊರಳಲ್ಲಿ ನೇತಾಡುತ್ತಿದ್ದ ತನ್ನ ಗುರುತಿನ ಕಾರ್ಡನ್ನು ಹಿಡಿದು ನನ್ನ ಮೂಗಿನ ಮುಂದೆ ಆಡಿಸಿದ. “ನೋಡು, ಫೋಟೋ ಅಂದ್ರೆ ಹೀಗಿರ್ಬೇಕು. ಇದೇ ಊರಲ್ಲಿ ತೆಗೆಸಿದ್ದು. ಒಂದು ಮುಖ, ಎರಡು ಕಿವಿ, ಹಿಂದೆ ಬಿಳಿ. ಇದಕ್ಕೆ ನಿಯಮ ಅಂತಾರೆ.” ಅಲ್ಲೇ ನೆಲ ಒರೆಸುತ್ತಿದ್ದ ಆ ಊರಿನ ಹೆಂಗಸು ಕಾರ್ಡನ್ನು ಕಂಡವಳೇ ಕೈ ನಿಲ್ಲಿಸಿ, ಯಾರದೋ ಬಟ್ಟೆ ಜಾರಿದ್ದನ್ನು ಕಂಡಂತೆ ಮುಖ ಆಚೆ ತಿರುಗಿಸಿದಳು.

ಯಾಕೆ ತಿರುಗಿಸಿದಳು ಅನ್ನುವುದಕ್ಕೆ ಆ ಊರಿನ ಸಂಗತಿ ಹೇಳಬೇಕು. ಅಲ್ಲಿ ಯಾರ ಫೋಟೋ ತೆಗೆದರೂ, ಆ ಗಳಿಗೆಯಲ್ಲಿ ಅವರನ್ನು ನೆನೆಯುತ್ತಿರುವವರು ಪಕ್ಕದಲ್ಲಿ ಬಂದು ನಿಂತಿರುತ್ತಾರೆ. ಸ್ಟುಡಿಯೋದ ಕ್ಯಾಮೆರಾ ಇರಲಿ, ಮೊಬೈಲ್ ಇರಲಿ. ನೆನೆಯುವವರು ಓಣಿಯಾಚೆ ಇರಲಿ, ಏಳು ಸಮುದ್ರದಾಚೆ ಇರಲಿ. ಆ ಹೊತ್ತಿಗೆ ಅವರು ಹೇಗಿದ್ದರೋ ಹಾಗೆ, ಚಡ್ಡಿಯಲ್ಲಿದ್ದರೆ ಚಡ್ಡಿಯಲ್ಲಿ. ಬಂದ ಹೊಸದರಲ್ಲಿ ನಾನು, ಇದೇನು ಹೀಗೆ ಎಂದು ಕೇಳಿದ್ದೆ. “ನಿಮ್ಮೂರಲ್ಲಿ ಬರಲ್ವಾ? ಹಾಗಾದ್ರೆ ಯಾರು ನೆನೀತಾರೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?” ಎಂದು ತಿರುಗಿ ನನ್ನನ್ನೇ ಕೇಳಿದರು. 

ಜನ ಇದಕ್ಕೆ ಹೊಂದಿಕೊಂಡುಬಿಟ್ಟಿದ್ದಾರೆ. ಮದುವೆಯ ಫೋಟೋಕ್ಕೆ ಅಗಲದ ಚೌಕಟ್ಟು ಕೊಳ್ಳುತ್ತಾರೆ, ಅದರಲ್ಲಿ ಬಂದವರು ಯಾರೆಂದು ಗಂಡು ಹೆಣ್ಣನ್ನಾಗಲಿ ಹೆಣ್ಣು ಗಂಡನ್ನಾಗಲಿ ಕೇಳಬಾರದು ಎಂಬ ಪದ್ಧತಿ ಇಟ್ಟುಕೊಂಡಿದ್ದಾರೆ. ಭಾನುವಾರ ಬೆಳಿಗ್ಗೆ ಸ್ಟುಡಿಯೋದ ಮುಂದೆ ತಾಯಂದಿರ ಸಾಲು ನಿಲ್ಲುತ್ತದೆ. ದೂರ ಹೋದ ಮಕ್ಕಳಿಗೆ ಮೊದಲೇ ತಾಕೀತು ಮಾಡಿರುತ್ತಾರೆ, ಭಾನುವಾರ ಈ ಹೊತ್ತಿಗೆ ನನ್ನನ್ನು ನೆನಸು ಎಂದು. ಯಾರ ಮಗ ಫೋಟೋದಲ್ಲಿ ಬಂದನೋ ಅವಳು ಎದುರಿನ ಅಂಗಡಿಯಲ್ಲಿ ಎಲ್ಲರಿಗೂ ಕಾಫಿ ಹೇಳುತ್ತಾಳೆ. ಮಗ ಬಾರದವಳು ಕ್ಯಾಮೆರಾ ಹಳತಾಯಿತು ಎನ್ನುತ್ತಾಳೆ. ನೆನೆಯುವುದೆಂದರೆ ಅಕ್ಕರೆಯಿಂದಲೇ ಆಗಬೇಕೆಂಬ ಹಟ ಕ್ಯಾಮೆರಾಕ್ಕಿಲ್ಲ. ಪುರಸಭೆಯ ಗೋಡೆಯಲ್ಲಿ ಮೇಯರನ ದೊಡ್ಡ ಪಟವಿದೆ. ರಸ್ತೆಗೆಂದು ಯಾರ ಮನೆ ಕೆಡವಿಸಿದನೋ ಆ ಮನುಷ್ಯ ಪ್ರತಿ ವರ್ಷದ ಪಟದಲ್ಲೂ ಮೇಯರನ ಹೆಗಲಿಗೆ ಹೆಗಲು ತಾಗಿಸಿ ಹಲ್ಲು ಕಚ್ಚಿಕೊಂಡು ನಿಂತಿರುತ್ತಾನೆ. ಹೂವಿನ ಹಾರವನ್ನು ಇಬ್ಬರಿಗೂ ಸೇರಿಸಿಯೇ ಹಾಕುತ್ತಾರೆ. ಆ ಊರಲ್ಲಿ ಯಾರನ್ನಾದರೂ ಬಯ್ಯಬೇಕಾದರೆ ಅಪ್ಪ ಅಮ್ಮನ ತನಕ ಹೋಗುವುದಿಲ್ಲ. “ಒಂಟಿ ಫೋಟೋದವನೇ” ಎಂದರೆ ಮುಗಿಯಿತು, ಅದರ ಮುಂದೆ ಬೈಗುಳವಿಲ್ಲ.

ನನ್ನ ಮದುವೆಯೂ ಫೋಟೋದಿಂದಲೇ ಆಯಿತು. ನಾನು ಗೌಂಡಿ. ಅವರ ಬಂದರಿಗೆ ಕಲ್ಲಿನ ಗೋಡೆ ಕಟ್ಟಲು ಬಂದವನು. ಕೆಲಸದ ಚೀಟಿಗೆಂದು ಅಲ್ಲಿಯವರು ತೆಗೆದ ಮೊದಲ ಫೋಟೋದಲ್ಲೇ ನನ್ನ ಪಕ್ಕದಲ್ಲಿ, ಒಲೆಯಿಂದ ಬ್ರೆಡ್ಡು ತೆಗೆಯುವ ಉದ್ದನೆಯ ಸಲಿಕೆ ಹಿಡಿದುಕೊಂಡು, ಹಿಟ್ಟಿನಂಗಡಿಯ ಹುಡುಗಿ ನಿಂತಿದ್ದಳು. ನಾನು ನೇರವಾಗಿ ಹೋಗಿ ಕೇಳಿದೆ. ಅವಳು, “ದಿನಾ ಬಂದು ಬ್ರೆಡ್ಡಿಗೆ ಖಾರದ ಚಟ್ನಿ ಕೇಳುವ ಗಿರಾಕಿ ನೀನೊಬ್ಬನೇ. ನೆನಪಾಗದೆ ಇರುತ್ತದಾ?” ಎಂದಳು. ಅವಳೇ ರೆಮಿಯಾ. ಅವಳು ಆ ದೇಶದವಳು, ನಾನು ಈ ದೇಶದವನು. ಅವಳ ಕಾನೂನಿನಲ್ಲಿ ಮಗು ಅಪ್ಪನ ದೇಶಕ್ಕೆ ಸೇರಿದ್ದು. ನಮ್ಮ ಕಾನೂನಿನಲ್ಲಿ, ನಮ್ಮ ಕಚೇರಿ ಪಾಸ್‌ಪೋರ್ಟ್ ಪುಸ್ತಕ ಕೊಟ್ಟರೆ ಮಾತ್ರ ಅಪ್ಪನ ದೇಶಕ್ಕೆ ಸೇರಿದ್ದು. ಕೊಡುವ ತನಕ ನೀಲಾ ಗಾಳಿಗೆ ಹುಟ್ಟಿದವಳು.

ಬಂದರಿನ ಗೋಡೆ ಮುಗಿಯುತ್ತ ಬಂದಿತ್ತು. ಗಾಳಿ ತಿರುಗುವ ಮುನ್ನ ಕಡೆಯ ಹಡಗು ಹೊರಡುತ್ತದೆ, ಅದರಲ್ಲಿ ನಾನು ಹೋಗಲೇಬೇಕು. ನನ್ನ ಚೀಟಿಯ ಅವಧಿ ಅಷ್ಟೇ. ರೆಮಿಯಾಗೆ ನಮ್ಮ ದೇಶಕ್ಕೆ ಬರಲು ಅನುಮತಿ ಸಿಕ್ಕಿತ್ತು. ಸಿಗದಿದ್ದದ್ದು ಮಗುವಿಗೆ. ಪಾಸ್‌ಪೋರ್ಟ್ ಆಗದಿದ್ದರೆ ನಾನೊಬ್ಬನೇ ಹಡಗು ಹತ್ತಬೇಕು, ಮತ್ತೆ ಯಾವ ಗೋಡೆಯ ನೆಪದಲ್ಲಿ ಬರುತ್ತೇನೋ ಯಾರಿಗೂ ಗೊತ್ತಿಲ್ಲ.

ಹಾಗಾದರೆ ಬೇರೆ ಊರಿಗೆ ಹೋಗಿ ಫೋಟೋ ತೆಗೆಸಿಕೊಂಡು ಬಾ ಎನ್ನುತ್ತೀರಿ. ಚಂದ್ರಮೌಳಿಯೂ ಅದನ್ನೇ ಹೇಳಿದ. ಹೊಳೆ ದಾಟಿದರೆ ಆಚೆ ಊರು, ಅಲ್ಲಿನ ಕ್ಯಾಮೆರಾಗಳು ಸಾದಾ ಕ್ಯಾಮೆರಾಗಳು. ಆದರೆ ಹೊಳೆಯೇ ಗಡಿ. ದೋಣಿಕಟ್ಟೆಯ ಪೊಲೀಸ್ ಮಗುವಿನ ಪಾಸ್‌ಪೋರ್ಟ್ ತೋರಿಸು ಎಂದ. ಅದಕ್ಕೆ ಫೋಟೋ ತೆಗೆಸಲಿಕ್ಕೇ ಹೊರಟಿದ್ದೇನೆ ಎಂದೆ. ಹೌದಾ, ಸಂತೋಷ, ಪಾಸ್‌ಪೋರ್ಟ್ ಆದಮೇಲೆ ಬಾ ಎಂದ. ಉಳಿದವರ ಮುಖಗಳಿಗೆ ಬಿಳಿ ಬಣ್ಣ ಹಚ್ಚಿಸಿದ ಒಂದು ಫೋಟೋವನ್ನೂ ಒಯ್ದೆ. ಚಂದ್ರಮೌಳಿ ಉಗುರಿನಲ್ಲಿ ಮೆಲ್ಲಗೆ ಕೆರೆದ. ಅವ್ವನ ಕಣ್ಣು ಇಣುಕಿತು. “ತಿದ್ದಿದ ಫೋಟೋ ಕೊಡೋದು ಅಪರಾಧ. ಮೊದಲನೇ ಸಲ ಅಂತ ಬಿಟ್ಟಿದ್ದೀನಿ,” ಎಂದ, ಅದನ್ನೂ ಬೆಂಚುಗಳಿಗೆ ಕೇಳಿಸುವ ಹಾಗೆ.

ನನಗೆ ತಕ್ಕ ಉತ್ತರ ಹೊಳೆದದ್ದು ಕಚೇರಿಯ ಮೆಟ್ಟಿಲಿಳಿದು ಅರ್ಧ ದಾರಿ ಬಂದ ಮೇಲೆ. ಒಳ್ಳೆಯ ಉತ್ತರಗಳ ಹಣೆಬರಹವೇ ಅಷ್ಟು. ‘ಸ್ವಾಮಿ, ನಿಮ್ಮ ಫೋಟೋದಾಗ ಒಂದ ಮುಖ ಬಂದದ್ದು ನಿಯಮದಿಂದಲ್ಲ. ನಿಮ್ಮನ್ನ ನೆನಸೋ ನಾಯಿನೂ ಈ ಭೂಮಿ ಮ್ಯಾಲ ಇಲ್ಲ, ಅದಕ್ಕ.’ ಆಹಾ! ಓಡಿ ಹೋಗಿ ಹೇಳಿಬಿಡಬೇಕೆನಿಸಿತು. ಆದರೆ ಪುಸ್ತಕ ಅವನ ಕೈಯಲ್ಲಿದೆ. ಕೊಡುವ ತನಕ ಹೇಳುವ ಹಾಗಿಲ್ಲ. ಪುಸ್ತಕ ಕೈಗೆ ಬಂದ ಗಳಿಗೆಯಲ್ಲಿ, ಬೆಂಚುಗಳು ತುಂಬಿರುವಾಗ, ಗಟ್ಟಿ ದನಿಯಲ್ಲಿ ಹೇಳುವುದು ಎಂದು ನಿಶ್ಚಯಿಸಿದೆ. ಅಂದಿನಿಂದ ಆ ಮಾತನ್ನು ಕಲ್ಲು ಕೆತ್ತಿದ ಹಾಗೆ ಕೆತ್ತಿದೆ. ಕಲ್ಲಿಗೆ ಗಾರೆ ಹಚ್ಚುವಾಗ ಅದೇ, ಊಟಕ್ಕೆ ಕೂತಾಗ ಅದೇ. ‘ನಾಯಿ’ಯೋ ‘ನರಪಿಳ್ಳೆ’ಯೋ ಎಂದು ಒಂದು ಇಡೀ ದಿನ ಯೋಚಿಸಿದೆ. ನಾಯಿಯೇ ಚೆನ್ನ ಅನ್ನಿಸಿತು.

ಆ ಸಿಟ್ಟಿನಲ್ಲೇ ಮತ್ತೆ ಸ್ಟುಡಿಯೋಕ್ಕೆ ಹೋದೆವು. ಅದನ್ನು ನಡೆಸುವವಳು ಒರ್ಸಾ ಎಂಬ ದಪ್ಪನೆಯ ಹೆಂಗಸು, ಬಾಯಲ್ಲಿ ಸದಾ ಲವಂಗ. ನಮ್ಮ ಕಚೇರಿಯ ನಿಯಮ ಕೇಳಿ ಅವಳಿಗೆ ಅಳು ಬರುವಂತಾಯಿತು. “ಯಾರೂ ನೆನೆಯದ ಮಗು ಬೇಕಂತಾ ಅವರಿಗೆ? ಅಂಥ ಮಗುವನ್ನು ದೇಶಕ್ಕೆ ಕರೆಸಿಕೊಂಡು ಏನು ಮಾಡ್ತಾರೆ?” ಎಂದಳು. ಆಮೇಲೆ ನಿಟ್ಟುಸಿರು ಬಿಟ್ಟು ಕಪಾಟಿನಿಂದ ಒಂದು ಮುಷ್ಟಿ ಸಣ್ಣ ಸೂಜಿಗಳನ್ನೂ ದಾರದ ಉಂಡೆಯನ್ನೂ ತೆಗೆದು ರೆಮಿಯಾಳ ಕೈಗೆ ಕೊಟ್ಟಳು. “ಪೋಣಿಸುತ್ತ ಕೂತ್ಕೋ. ಸೂಜಿಯ ಕಣ್ಣಿಗೆ ದಾರ ಹಾಕುವವರ ತಲೆಯಲ್ಲಿ ಗಂಡನೂ ಇರಲ್ಲ, ದೇವರೂ ಇರಲ್ಲ. ನನ್ನ ಅಜ್ಜಿಯ ಕಾಲದಿಂದ ಹೀಗೇ ಮಾಡ್ತೀವಿ.”

ನೀಲಾಳನ್ನು ಬಿಳಿ ಬಟ್ಟೆಯ ಮುಂದೆ ಕೂರಿಸಿ, ಬೀಳದ ಹಾಗೆ ಬೆನ್ನಿಗೆ ದಿಂಬು ಕೊಟ್ಟಳು. ರೆಮಿಯಾ ಮೂಲೆಯಲ್ಲಿ ನಾಲಿಗೆ ಕಚ್ಚಿಕೊಂಡು ಪೋಣಿಸಿದಳು. ಒರ್ಸಾ ಗುಂಡಿ ಒತ್ತಿದಳು. ಪರದೆಯ ಮೇಲೆ ನೋಡಿದರೆ ರೆಮಿಯಾ ಇಲ್ಲ! ನಾನು ಚಪ್ಪಾಳೆ ತಟ್ಟಿದೆ. ಅವ್ವ ಮಾತ್ರ ಇದ್ದಳು, ಈ ಸಲ ವಾಲಿಯಿಲ್ಲದ ಬರಿಗಿವಿಯಲ್ಲಿ, ಒದ್ದೆ ಕೂದಲು ಹರಡಿಕೊಂಡು, ಒಣಗಿಸುತ್ತ.

ರೆಮಿಯಾ ಸೂಜಿ ಬಿಟ್ಟು ಬಂದು ಪರದೆ ನೋಡಿದಳು. ನನ್ನ ಸಂಗಡ ಇದ್ದು ಇದ್ದು ಅವಳಿಗೆ ನಮ್ಮ ಮಾತು ಅಷ್ಟಿಷ್ಟು ಬರುತ್ತಿತ್ತು. “ನೀ ಎಲ್ಲಿ?” ಎಂದಳು.

“ನಾನೆಲ್ಲಿ ಅಂದ್ರ? ಇಲ್ಲೇ ಅದೀನಲ್ಲ.”

“ಇಲ್ಲಿ ಅಲ್ಲ. ಅಲ್ಲಿ. ಕೂಸಿನ ಬಾಜೂಕ ನೀ ಇಲ್ಲ. ನಿನಗ ಯಾರೂ ಸೂಜಿ ಕೊಟ್ಟಿಲ್ಲ.”

ಆ ಗಳಿಗೆಯಲ್ಲಿ ನಾನು ಮನಸ್ಸಿನಲ್ಲೇ ಚಂದ್ರಮೌಳಿಗೆ ಹೇಳುವ ಮಾತಿನ ಕೊನೆಯನ್ನು ಸರಿ ಮಾಡುತ್ತಿದ್ದೆ.  “ಒಳ್ಳೇದಾತಲ್ಲ, ಒಂದು ಮುಖ ಕಡಿಮಿ ಆತು,” ಎಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಹಾಗೆ ನೋಡುವಾಗ ಸಲಿಕೆ ಕೈಯಲ್ಲಿಲ್ಲದಿದ್ದರೂ ಇದ್ದಂತೆ ಕಾಣುತ್ತದೆ.

ಆದರೆ ಅವ್ವ ಜಗ್ಗಲಿಲ್ಲ. ಮರುದಿನ ಹೋದೆವು, ಎಲೆ ಅಡಿಕೆ ಮೆಲ್ಲುತ್ತ ಬಂದಳು. ನಸುಕಿನಲ್ಲಿ ಹೋದೆವು, ಹಲ್ಲಿಗೆ ಇದ್ದಿಲ ಪುಡಿ ತಿಕ್ಕುತ್ತ ಬಂದಳು. ನಮ್ಮೂರ ಬಸ್‌ಸ್ಟ್ಯಾಂಡಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವುದು ಅವಳ ಕೆಲಸ; ಅಷ್ಟು ಗಿರಾಕಿಗಳ ಗದ್ದಲದಲ್ಲೂ ತಾನು ಕಂಡೇ ಇಲ್ಲದ ಕೂಸನ್ನು ಬಿಡದೆ ನೆನೆಯುತ್ತಿದ್ದಳು. ಮದುವೆಯಾದೆ ಎಂದು ನಾನು ಫೋನ್ ಮಾಡಿದ ದಿನ ಇದೇ ಹೆಂಗಸು ಉಣ್ಣುತ್ತಿದ್ದ ಗಿರಾಕಿಗಳೆಲ್ಲರಿಗೂ ಕೇಳುವ ಹಾಗೆ, “ನನಗ ಮಗಾನೂ ಇಲ್ಲ, ಸೊಸಿನೂ ಇಲ್ಲ. ಇನ್ನ ಈ ನಂಬರಕ್ಕ ಫೋನ ಹಚ್ಚಬ್ಯಾಡ,” ಎಂದು ಕೂಗಿದ್ದಳು. ಮಗು ಹುಟ್ಟಿದ್ದನ್ನು ನಾನು ತಿಳಿಸಿದ್ದು ಅಕ್ಕನಿಗೆ. ಅಕ್ಕ ಬಾಯಿ ಬಿಟ್ಟಿರಬೇಕು.

ಸಿಟ್ಟು ಬರುವುದು ಅದಕ್ಕಲ್ಲ. ಭಾನುವಾರಗಳಂದು, ರೆಮಿಯಾಗೆ ತಿಳಿಯದಂತೆ, ತಾಯಂದಿರ ಸಾಲಿನಲ್ಲಿ ನಿಂತು ನಾನೂ ಫೋಟೋ ತೆಗೆಸಿದ್ದೆ. ಗಡ್ಡದ ಗೌಂಡಿಯೊಬ್ಬ ಮುದುಕಿಯರ ನಡುವೆ ನಿಂತದ್ದು ನೋಡಿ ಅವರು ನಗಲಿಲ್ಲ, ಜಾಗ ಬಿಟ್ಟುಕೊಟ್ಟರು. ನನ್ನ ಪಕ್ಕದಲ್ಲಿ ರೆಮಿಯಾ ಬರುತ್ತಿದ್ದಳು, ಸಂಬಳ ಹಿಡಿಯುವ ಮೇಸ್ತ್ರಿ ಬರುತ್ತಿದ್ದ. ಅವ್ವ ಒಂದು ಸಲವೂ ಬರಲಿಲ್ಲ.

“ಆಕಿಗಿ ಫೋನ್ ಮಾಡು,” ಎಂದಳು ರೆಮಿಯಾ.

“ಯಾಕ?”

“ಆಕಿ ಕೈಯಾಗ ಸೂಜಿ ಕೊಡಾಕ.”

ಹಡಗಿಗೆ ಸಾಮಾನು ಏರಿಸಲು ಶುರುವಾಗಿತ್ತು. ಬೇರೆ ದಾರಿಯಿರಲಿಲ್ಲ. ಒರ್ಸಾಳ ಸ್ಟುಡಿಯೋದಲ್ಲೇ ನಿಂತು, ನೀಲಾಳನ್ನು ದಿಂಬಿಗೆ ಆನಿಸಿ, ಖಾನಾವಳಿಯ ನಂಬರಿಗೆ ಹಚ್ಚಿದೆ. ಆ ಕಡೆ ತಟ್ಟೆಗಳ ಸದ್ದು, ರೊಟ್ಟಿ ಬಡಿಯುವ ಸದ್ದು.

“ಹಲೋ, ಯಾರದು? ರೊಟ್ಟಿ ಮುಗದಾವ, ಅನ್ನ ಐತಿ.”

“ಅವ್ವಾ, ನಾನು.”

ರೊಟ್ಟಿಯ ಸದ್ದು ನಿಂತಿತು. ಮತ್ತೆ ಶುರುವಾಯಿತು. “ನಾನು ಅನ್ನಾವರು ಭಾಳ ಮಂದಿ ಅದಾರ ಈ ಊರಾಗ.”

“ಯಮನೂರ.”

“ಆ ಹೆಸರಿನಾವ ಒಬ್ಬ ಇದ್ದ. ಸಮುದ್ರ ದಾಟಿ ಹೋದ. ಅವಗ ಏನಾರ ಹೇಳೋದಿತ್ತೇನು?”

“ಅವಗಲ್ಲ, ನಿನಗ ಹೇಳೋದೈತಿ. ನನ್ನ ಮಗಳನ್ನ ನೆನಸೋದು ಬಿಡು.”

“ಯಾರು ನೆನಸ್ತಾರ ನಿನ್ನ ಮಗಳನ್ನ? ನನಗ ಬ್ಯಾರೆ ಉದ್ಯೋಗ ಇಲ್ಲೇನು?”

“ಸುಳ್ಳ ಹೇಳಬ್ಯಾಡ. ಮೊನ್ನಿ ಎರಕೊಂಡು ತಲಿ ಒಣಗಸ್ಕೋತ ನೆನಸಿದಿ. ನಿನ್ನಿ ಎಲಿ ಹಾಕ್ಕೊಂಡು ನೆನಸಿದಿ. ಈಗ ಹಿಟ್ಟಿನ ಕೈಲೇ ನೆನಸಾಕತ್ತೀದಿ. ಕಿವ್ಯಾಗಿನ ವಾಲಿ ಎಲ್ಲಿ ಹೋತು?”

“ಯಾವ ಹಾಟ್ಯಾ ಚಾಡಿ ಹೇಳಿದ ನಿನಗ?” ಎಂದಳು ಅವ್ವ.  “ಕೂಸಿಗೆ ಹಲ್ಲು ಬಂದಾವೇನು?”

ಒರ್ಸಾ ಗುಂಡಿ ಒತ್ತಿ, ಪರದೆ ನನ್ನ ಕಡೆ ತಿರುಗಿಸಿ, ತಲೆ ಅಲ್ಲಾಡಿಸಿದಳು. ನೆನೆಯಬೇಡ ಎಂದದ್ದೇ ತಪ್ಪಾಗಿತ್ತು. ಅವ್ವ ಈಗ ಎದೆಯ ತನಕ ಫೋಟೋದ ತುಂಬ ಬಂದು ಕೂತಿದ್ದಳು. ಅವಳ ತೋಳಿನ ಕೆಳಗೆ ನೀಲಾಳ ಒಂದು ಕಿವಿ ಮಾತ್ರ ಕಾಣುತ್ತಿತ್ತು. ನನಗೆ ತಲೆ ಕೆಟ್ಟುಹೋಯಿತು. ಈ ಮುದುಕಿಗೆ ಕಾಣದ ಕೂಸಿನ ಹಲ್ಲು ಬೇಕು, ಹೆತ್ತ ಮಗನ ಹೊಟ್ಟೆ ತುಂಬಿದೆಯೋ ಇಲ್ಲವೋ ಬೇಡ.

“ಕೂಸಿನ ಸುದ್ದಿ ಬಿಡು, ನನ್ನ ಸುದ್ದಿ ಕೇಳು,” ಎಂದೆ. “ಇಲ್ಲಿ ಒಬ್ಬ ಮಂದ್ಯಾಗ ನನ್ನ ಮಾನ ಕಳದ. ಎಷ್ಟನೇತ್ತಾಕ ಸಾಲಿ ಬಿಟ್ಟಿ ಅಂತ ಕೇಳಿದ. ಏನ ಹೇಳ್ಲಿ ಅವಗ? ನಮ್ಮವ್ವ ಬಿಡಿಸಿದ್ಲು ಅಂತ ಹೇಳ್ಲೇನು?”

“ಏನಂದಿ? ನಾ ಬಿಡಿಸಿದ್ನಿ?”

“ಮತ್ತ ಯಾರು? ಕೈಹಿಡದು ಒಯ್ದು ಗೌಂಡಿಗಳ ಕೈಯಾಗ ಕೊಟ್ಟಾಕಿ ನೀ ಅಲ್ಲೇನು?”

“ನಿನ್ನ ಬಾಯಾಗ ಮಣ್ಣ ಹಾಕ! ಮಾಸ್ತರ ಹಣಿಗೆ ಕಲ್ಲ ಒಗದು ಓಡಿ ಬಂದಾವ ಯಾರೋ?”

“ಕಲ್ಲಲ್ಲ ಅದು! ಸೀಮಿಸುಣ್ಣದ ತುಂಡು!”

“ಸೀಮಿಸುಣ್ಣಕ್ಕ ಹಣಿ ಒಡೀತೈತೇನೋ? ರಗತ ಬರತೈತೇನೋ? ಕೇಳ್ರಿ ಇಲ್ಲೆ, ಉಣ್ಣಾವರೆಲ್ಲಾ ಕೇಳ್ರಿ! ಆ ಮಾಸ್ತರ ಮನಿ ಬಾಗಲದಾಗ ನಾ ಸಂಜೀ ತನಾ ಕುಂತಿದ್ನಿ, ನನ್ನ ಮಗನ್ನ ತಿರುಗಿ ತಗೋಳ್ರಿ ಅಂತ. ಮಗಾ ಬಂದು ತಪ್ಪಾತು ಅನ್ಲಿ, ತಗೋತೀನಿ ಅಂದ್ರು ಅವರು. ಒಂದ ಮಾತು. ಅಂದೇನು ನೀ?”

“ಅವ ಮೊದಲ ಎಲ್ಲಾರ ಮುಂದ ನನಗ ಅಂದಿದ್ದ!”

“ಅಂದ್ರ ಅಂದ! ಅಂದವರನ್ನ ತಲಿ ಮ್ಯಾಲ ಹೊತಗೊಂಡು ತಿರುಗೋದ ಆತು ನಿನ್ನ ಹಣೇಬರ. ಹೆಂಡರ ಮಕ್ಕಳನ್ನ ಹೊರಾಕ ನಿನಗ ಎಲ್ಲಿ ಜಾಗಾ ಐತೋ?”

“ಕಲ್ಲಲ್ಲ ಅದು!” ಎಂದು ನಾನು ಕಿರುಚಿದೆ. ಖಾನಾವಳಿಯ ಯಾವನೋ ಗಿರಾಕಿ, “ಕಲ್ಲ ಇರಬೇಕ್ರಿ ಅಜ್ಜಿ,” ಎಂದ. “ನೀ ಉಣ್ಣಪಾ ಸುಮ್ನ,” ಎಂದು ಅವ್ವ ಅವನನ್ನೂ ಗದರಿಸಿದಳು. ರೆಮಿಯಾ ಸೂಜಿಯ ಕಡೆ ನೋಡುವುದನ್ನೇ ಮರೆತು, ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದಳು.

ಒರ್ಸಾ ಗುಂಡಿ ಒತ್ತಿದ್ದು ಆಗ. ಒತ್ತಿ, ತಡಮಾಡದೆ ಕ್ಯಾಮೆರಾ ನನ್ನ ಕಡೆ ತಿರುಗಿಸಿ ಇನ್ನೊಮ್ಮೆ ಒತ್ತಿದಳು.

ಮೊದಲನೆಯದರಲ್ಲಿ ನೀಲಾ ಇದ್ದಳು. ಬರೀ ನೀಲಾ. ಒಂದು ಮುಖ, ಎರಡು ಕಿವಿ, ಹಿಂದೆ ಬಿಳಿ. ನನ್ನ ಕಿರುಚಾಟಕ್ಕೆ ಬೆಚ್ಚಿ ಕಣ್ಣರಳಿಸಿ ನೇರವಾಗಿ ನೋಡುತ್ತಿದ್ದಳು. ಸುತ್ತಲೂ ಅಷ್ಟೊಂದು ಬಿಳಿ. ಆ ಊರಿನ ಗಾಳಿ ನನಗೂ ತಾಗಿತ್ತೋ ಏನೋ, ನೋಡಲಾಗಲಿಲ್ಲ. ಎರಡನೆಯದರಲ್ಲಿ ನಾನಿದ್ದೆ, ಫೋನ್ ಕಿವಿಗೊತ್ತಿಕೊಂಡು, ಕತ್ತಿನ ನರ ಉಬ್ಬಿಸಿಕೊಂಡು; ಹಿಂದೆ ರೆಮಿಯಾ, ಬಾಯಿ ತೆರೆದುಕೊಂಡು.

ನನ್ನ ಪಕ್ಕದಲ್ಲಿ ಅವ್ವ ಇದ್ದಳು. ಹಿಟ್ಟಿನ ಕೈ ಎತ್ತಿ, ಕಪಾಳಕ್ಕೆ ಬಿಗಿಯುವುದಕ್ಕೆ ಇನ್ನೇನು ಒಂದು ಗೇಣು ಬಾಕಿ ಎಂಬಂತೆ.

ನೀಲಾ ಅಳತೊಡಗಿದಳು. “ಯಾಕ ಅಳತೈತಿ ಅದು?” ಎಂದಿತು ಫೋನು.

“ನಿನ್ನ ದನಿಗೆ.”

“ನನ್ನ ದನಿ ಕೇಳತೈತೇನು ಅಕೀಗೆ?” ಎಂದಳು ಅವ್ವ. ಆಮೇಲೆ, “ಅಕೀ ಕಿವೀಗೆ ಹಿಡಿ,” ಎಂದಳು. ಹಿಡಿದೆ. ಏನು ಹೇಳಿದಳೋ ನನಗೆ ಕೇಳಲಿಲ್ಲ. ಮಗು ಅಳು ನಿಲ್ಲಿಸಿ ಫೋನನ್ನು ಒಸಡಿನಲ್ಲಿ ಕಡಿಯತೊಡಗಿತು. ದಾರಿಯಲ್ಲಿ ರೆಮಿಯಾ, “ನಿನ್ನ ಅವ್ವ ಛಲೋ ಬೈತಾಳ. ನನಗ ಕಲಸು ಅಂತ ಹೇಳು,” ಎಂದಳು.

ಫೋಟೋ ಕೊಟ್ಟ ದಿನ ಚಂದ್ರಮೌಳಿ ಕುರ್ಚಿಯಲ್ಲಿರಲಿಲ್ಲ, ಬೇರೆ ಯಾರೋ ತೆಗೆದುಕೊಂಡರು. ಪುಸ್ತಕ ಕೈಗೆ ಬರುವ ದಿನ ಇದ್ದ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಆ ಮಾತನ್ನು ಗಾರೆ ಹತ್ತಿದ ಅಂಗಿಯಲ್ಲಿ ಹೇಳುವಂತಿರಲಿಲ್ಲ. ಬೆಂಚುಗಳು ತುಂಬಿದ್ದವು. ನೀಲಾ ನನ್ನ ಹೆಗಲ ಮೇಲಿದ್ದಳು.

ಆತ ಪಾಸ್‌ಪೋರ್ಟ್ ಬಿಡಿಸಿ, ಫೋಟೋದ ಪುಟವನ್ನು ಬೆಂಚುಗಳ ಕಡೆ ಹಿಡಿದ. “ನೋಡ್ರಪ್ಪಾ, ನಮ್ಮ ಗಾರೆಯೋರೂ ಕೊನೆಗೆ ಎಣಿಸೋದು ಕಲಿತ್ರು! ಪಾಪ, ಮಗೂನ ಯಾರೂ ನೆನೆಸಿಕೊಳ್ಳದ ಹಾಗೆ ಮಾಡ್ಕೊಂಡು ಬಂದಿದ್ದಾನೆ. ದೇಶಕ್ಕೆ ಬೇಕಾಗಿರೋದು ಇದೇನೆ.” ಬೆಂಚುಗಳು ನಕ್ಕವು. ನೆಲ ಒರೆಸುವ ಹೆಂಗಸು ಫೋಟೋ ಕಂಡು, ಬಕೆಟ್ಟು ಅಲ್ಲೇ ಬಿಟ್ಟು ಬಂದು, ಏನೋ ಗೊಣಗುತ್ತ ನೀಲಾಳ ಅಂಗಾಲು ಸವರಿ ಹೋದಳು.

ಪುಸ್ತಕ ಸರಳಿನ ಸಂದಿಯಿಂದ ನನ್ನ ಕಡೆಗೆ ಬಂತು. ಅಂಗಿಯ ಕಿಸೆಗೆ ಹಾಕಿಕೊಂಡೆ. ಗಂಟಲು ಸರಿಮಾಡಿಕೊಂಡು, “ಸ್ವಾಮಿ,” ಎಂದೆ, ಗಟ್ಟಿಯಾಗಿಯೇ. ಕಣ್ಣು ಅವನ ಕೊರಳ ಕಡೆ ಹೋಯಿತು. ಅಲ್ಲಿ ಕಾರ್ಡು ಇರಲಿಲ್ಲ. ಬರೀ ಕೊರಳದಾರ.

“ಅದಾ?” ಎಂದ ಆತ, ನನ್ನ ನೋಟ ಹಿಡಿದು. ದನಿ ಇದ್ದಕ್ಕಿದ್ದಂತೆ ಸರಳಿನಾಚೆ ದಾಟದಷ್ಟು ಇಳಿಯಿತು. “ಕಾರ್ಡ್ ಹೊಸದು ಮಾಡಿಸ್ಬೇಕಿತ್ತು. ಫೋಟೋ ತೆಗೆಸಿ ಕಳಿಸಿದೆ. ಎರಡು ಮುಖ ಅಂತ ಮೇಲಿನವರು ವಾಪಸ್ ಕಳಿಸಿದ್ರು.” ಮೇಜಿನ ಗಾಜಿನ ಕೆಳಗಿನಿಂದ ಒಂದು ಫೋಟೋ ಎಳೆದು, ಬೆಂಚುಗಳಿಗೆ ಕಾಣದಂತೆ ಅಂಗೈಯಲ್ಲಿ ಮರೆಮಾಡಿಕೊಂಡು ನನಗೆ ತೋರಿಸಿದ.

ಚಂದ್ರಮೌಳಿ ಟೈ ಕಟ್ಟಿಕೊಂಡು ನೇರವಾಗಿ ಕೂತಿದ್ದ. ಅವನ ಪಕ್ಕದಲ್ಲಿ, ಕರಣೆ ಹಿಡಿದುಕೊಂಡು, ಮೀಸೆಗೆ ಗಾರೆ ಸಿಡಿಸಿಕೊಂಡು, ಏನೋ ಹೇಳಲು ಬಾಯಿ ತೆರೆದು ನಾನು ನಿಂತಿದ್ದೆ.

“ಮತ್ತೆ ತೆಗೆಸಿದೆ. ಬೆಳಿಗ್ಗೆ, ಮಧ್ಯಾಹ್ನ. ಪ್ರತಿ ಸಲಾನೂ ನೀನೇ. ಬೇರೆ ಕೆಲಸ ಇಲ್ವೇನಯ್ಯಾ ನಿನಗೆ?” ಎಂದ. ಬೈಗುಳದ ಮಾತೇ ಅದು, ಆದರೆ ದನಿಯಲ್ಲಿ ಬೈಗುಳ ಇರಲಿಲ್ಲ. ಫೋಟೋದ ಅಂಚು ಮಡಚದಂತೆ ಎಚ್ಚರದಿಂದ ಮತ್ತೆ ಗಾಜಿನ ಕೆಳಗೆ ತೂರಿಸಿದ. ಅಲ್ಲಿ ಬೇರೆ ಯಾವ ಫೋಟೋವೂ ಇರಲಿಲ್ಲ. ಗಾಜನ್ನು ತೋಳಿನಿಂದ ಒರೆಸಿ, ತಲೆ ಎತ್ತದೆ ಕೇಳಿದ: “ಇನ್ನೂ ಸಿಟ್ಟಿದೆಯಾ?”

ಕೆತ್ತಿ ಕೆತ್ತಿ ಇಟ್ಟ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ನಾಯಿಯ ಸಮೇತ. ಬೆಂಚುಗಳು ಕಾಯುತ್ತಿದ್ದವು. ಹೌದು ಎಂದರೆ ಪೂರ್ತಿ ನಿಜವಾಗುತ್ತಿರಲಿಲ್ಲ. ಇಲ್ಲ ಎಂದರೆ ನಾನು ನೆನೆಯುವುದೂ ನಿಂತಂತೆ, ಆ ಗಾಜಿನ ಕೆಳಗಿನದು ಅವನ ಕಡೆಯ ಜೋಡಿ ಫೋಟೋ. ನೀಲಾ ನನ್ನ ಕಿವಿ ಹಿಡಿದು ಎಳೆದಳು. ಬಂದರಿನ ಕಡೆಯಿಂದ ಹಡಗು ಒಮ್ಮೆ ಕೂಗಿತು.

ನಾನು ತಿರುಗಿ ಬಾಗಿಲ ಕಡೆ ನಡೆದೆ.

“ಯಮನೂರಪ್ಪಾ,” ಎಂದ ಹಿಂದಿನಿಂದ, ಎಲ್ಲರಿಗೂ ಕೇಳುವಂತೆ. ನನ್ನ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. “ನಿನ್ನನ್ನೇ ಕೇಳಿದ್ದು ಕಣಯ್ಯಾ.”

ನೀಲಾಳನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಮೆಟ್ಟಿಲಿಳಿದೆ.